ಭಿನ್ನ ಮೂರ್ತಿಯ ಮುಂದೆ ಒಂದು ತಾಸು

ಕಳೆದ ವಾರ ನನ್ನಿಂದಾಗಿ ನಮ್ಮ ಮನೆಯವರೆಲ್ಲ ರೈಲು ತಪ್ಪಿಸಿಕೊಂಡರು. ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ!

ನಾದಿನಿಯ ಮದುವೆಯ ಬಸ್ತಾಕ್ಕೆ (ಅಂದರೆ ಬಟ್ಟೆ ಖರೀದಿಗೆ) ಸೇಡಂನಿಂದ ಹೈದರಾಬಾದಿಗೆ ಹೋಗಿದ್ದೆವು. ನಾನು, ಯಜಮಾನರು, ಅತ್ತೆ. ನನ್ನ ಹುಚ್ಚು ನಿಮಗೆ ಗೊತ್ತೇ ಇದೆ. ಶಿಲ್ಪ, ಚಿತ್ರ ಅಂದರೆ ಊಟ ಮರೆಯುವವಳು. ಆದರೆ ನೋಡಿದ್ದೆಲ್ಲ ಪುಸ್ತಕದ ಫೋಟೊದಲ್ಲಿ. ಹೈದರಾಬಾದಿಗೆ ದವಾಖಾನೆಗೆಂದು ಹೋಗಿದ್ದೇನೆ, ಬಸ್ತಾಕ್ಕೆಂದು ಹೋಗಿದ್ದೇನೆ. ಮ್ಯೂಸಿಯಂ ಮಾತ್ರ ಪ್ರತಿ ಸಲವೂ ಆಟೋದಿಂದಲೇ ದರ್ಶನ. ಈ ಸಲ ಒಳಗೆ ಹೋಗಿಯೇ ತೀರುತ್ತೇನೆ ಎಂದು ಮನೆ ಬಿಡುವಾಗಲೇ ಹೇಳಿದ್ದೆ.

ಬೆಳಗಿನಿಂದ ಮೂರರವರೆಗೆ ಸೀರೆ ಅಂಗಡಿ. ಅತ್ತೆ ಒಂದೊಂದು ಸೀರೆಯನ್ನೂ ಬೆಳಕಿಗೆ ಹಿಡಿದು, ಸೆರಗು ತಿರುವಿ, ಜರಿ ಉಜ್ಜಿ ನೋಡಿದರು. ಯಾರೂ ಗಡಿಯಾರ ನೋಡಲಿಲ್ಲ. ನಾನು ಮ್ಯೂಸಿಯಂ ಅಂದದ್ದೇ ತಡ, ಎಲ್ಲರಿಗೂ ಊರಿಗೆ ಮರಳುವ ವಾಡಿ ಪ್ಯಾಸೆಂಜರ್ ರೈಲು ನೆನಪಾಯಿತು. ಇದ್ಯಾವ ನ್ಯಾಯ?

"ಅಲ್ಲಿ ಬರೇ ಕೈಕಾಲು ಮುರಿದ ಮೂರ್ತಿ ಇರ್ತಾವಂತ. ಲಗ್ನದ ಬಸ್ತಾಕ್ಕ ಬಂದಾಗ ಭಿನ್ನ ಆದ ದೇವರನ್ನ ನೋಡಬಾರದವ್ವ" ಅಂದರು ಅತ್ತೆ.

"ನೀವು ನೋಡಬ್ಯಾಡ್ರಿ ಅತ್ತಿ. ನಾ ನೋಡ್ತೀನಿ."

ಅತ್ತೆ ಮ್ಯೂಸಿಯಂ ಗೇಟಿನ ಹೊರಗಿನ ಕಟ್ಟೆಯ ಮೇಲೆ ಸೀರೆ ಚೀಲಗಳನ್ನು ತಬ್ಬಿಕೊಂಡು ಕುಳಿತರು. ಪಕ್ಕದಲ್ಲಿ ಯಜಮಾನರು, ಮುಖ ಊದಿಸಿಕೊಂಡು. ಅರ್ಧ ತಾಸಿನಲ್ಲಿ ಬರುತ್ತೇನೆ ಎಂದು ಹೇಳಿ ನಾನೊಬ್ಬಳೇ ಟಿಕೆಟ್ ತೆಗೆದುಕೊಂಡೆ. (ಸುಳ್ಳು. ಹೇಳುವಾಗಲೇ ಗೊತ್ತಿತ್ತು.)

ಒಳಗೆ ಕರಿಕಲ್ಲಿನ ವಿಷ್ಣು. ಒಂದು ಕೈ ಮೊಣಕೈಯಿಂದಾಚೆ ಇಲ್ಲ. ಮೂಗಿನ ತುದಿಯೂ ಇಲ್ಲ. ಆದರೆ ತುಟಿಯಲ್ಲೊಂದು ನಗು! ಫೋಟೊದಲ್ಲಿ ಅದು ಕಂಡಿರಲೇ ಇಲ್ಲ. ತುಸು ಎಡಕ್ಕೆ ಸರಿದು ನಿಂತರಷ್ಟೇ ಕಾಣುವ ನಗು ಅದು. ಸರಿದೆ, ಮತ್ತೆ ಸರಿದೆ, ಸುತ್ತು ಹಾಕಿ ಬಂದು ಮತ್ತೆ ನಿಂತೆ. ಕಣ್ಣು ತುಂಬಿ ಬಂತು. ಮುಚ್ಚುವ ಹೊತ್ತಾಯಿತೆಂದು ಕಾವಲಿನವನು ಗಂಟೆ ಬಾರಿಸಿದಾಗಲೇ ಎಚ್ಚರ.

ಹೊರಗೆ ಬಂದು, ಕೈ ಮುರಿದ ವಿಷ್ಣುವನ್ನು ನೋಡಿದೆ ಎಂದರೆ ಅತ್ತೆಯದೇ ಮೊದಲ ಪ್ರಶ್ನೆ. "ಯಾವ ಕೈ ಮುರದದ? ಚಕ್ರದ್ದೋ, ಶಂಖದ್ದೋ?"

"ಚಕ್ರದ್ದು ರೀ."

"ಹೋಗಲಿ, ಶಂಖದ್ದಾದ್ರೂ ಉಳದದಲ್ಲ!" ಎಂದು ಸಮಾಧಾನಪಟ್ಟುಕೊಂಡರು. ಭಿನ್ನ ಮೂರ್ತಿಯ ಬಗ್ಗೆ ಇಷ್ಟಾದರೂ ಕೇಳಿದರಲ್ಲ ಎಂದು ನನಗೆ ಖುಷಿಯೋ ಖುಷಿ.

ಯಜಮಾನರು ಮಾತ್ರ ಎಸ್‌ಟಿಡಿ ಬೂತಿನಿಂದ ಮನೆಗೆ ಫೋನ್ ಮಾಡಿ ಬಂದವರೇ ಸಿಡಿದರು. "ಗಾಡಿ ಹೋತು. ಈಗ ಸಮಾಧಾನ ಆತೇನು? ಆ ಕಲ್ಲು ಎಲ್ಲಿಗರ ಓಡಿ ಹೋಗ್ತಿತ್ತೇನು? ಮುಂದಿನ ಸಲ ನೋಡಿದ್ರ ಆಗ್ತಿದ್ದಿಲ್ಲ?"

ಮುಂದಿನ ಗಾಡಿಗೆ ಕಾಯುತ್ತ ಆ 'ಮುಂದಿನ ಸಲ'ದ ಬಗ್ಗೆಯೇ ಯೋಚಿಸಿದೆ. ಮಕ್ಕಳ ಪರೀಕ್ಷೆ ಮುಗಿಯಲಿ, ಈ ಲಗ್ನ ಒಂದು ಆಗಲಿ, ಮನೆಗೆ ಸುಣ್ಣ ಬಳಿದಾಗಲಿ. ನಮ್ಮ ಆಸೆಯ ಸರದಿ ಯಾವಾಗಲೂ ಕೊನೆಗೇ ಏಕೆ?

ನಿಜ, ಕಲ್ಲು ಎಲ್ಲಿಗೂ ಓಡಿ ಹೋಗುವುದಿಲ್ಲ. ನನ್ನ ಮೊಮ್ಮಕ್ಕಳ ಕಾಲಕ್ಕೂ ಹೀಗೇ ನಗುತ್ತ ನಿಂತಿರುತ್ತದೆ.

ಆದರೆ ನಾನು?