ಅಕ್ಕನ ಅರಿಸಿನ

ಅಕ್ಕನ ಹಿಮ್ಮಡಿಯ ಬಿರುಕುಗಳೊಳಗೂ ಅರಿಸಿನ ಕೂತಿರುತ್ತಿತ್ತು. ಅವರು ನನ್ನ ಓರಗಿತ್ತಿ, ನಮ್ಮ ಭಾವನವರ ಹೆಂಡತಿ. ನಾನು ಅಕ್ಕ ಎನ್ನುತ್ತಿದ್ದೆ. ದಿನವೂ ಮಿಂದು ಮುಖಕ್ಕೆ, ಕೈಗೆ, ಕಾಲಿಗೆ ಅರಿಸಿನ ಹಚ್ಚಿಕೊಳ್ಳದೆ ಒಲೆ ಮುಂದೆ ಬರುತ್ತಿರಲಿಲ್ಲ. ನಾನು ಶುಕ್ರವಾರ ಮಾತ್ರ ಹಚ್ಚುವವಳು. "ಏನೇ, ನಿನ್ನ ಗಂಡ ಶುಕ್ರವಾರ ಮಾತ್ರ ಗಂಡನಾ?" ಎಂದು ರೇಗಿಸುತ್ತಿದ್ದರು.

ಹೋದ ವರ್ಷ ಅವರಿಗೆ ಮೈ ಕಡಿತ ಶುರುವಾಯಿತು. "ಅಂಗಡಿ ಪುಡೀಲಿ ಏನೋ ಬೆರೆಸ್ತಾರೆ ಕಣೆ," ಎಂದು ಕೊಂಬು ತಂದು ತಾವೇ ತೇದುಕೊಂಡರು. ಕಡಿತ ನಿಲ್ಲಲಿಲ್ಲ. ಊಟ ಸೇರದಾಯಿತು. ಘಾಟಿಯ ದೇವರಿಗೆ ಹರಕೆ ಹೊತ್ತೆವು. ಆಮೇಲೆ ನಾನೇ ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು, ಅಷ್ಟು ದೇವರು ನಡೆಸಿಕೊಟ್ಟ.

ನರ್ಸಮ್ಮ, "ಅರಿಸಿನ ತೊಳ್ಕೊಂಡು ಬನ್ನಿ, ಮೈಬಣ್ಣ ನೋಡ್ಬೇಕು," ಅಂದರು. ನಲ್ಲಿ ಹತ್ತಿರ ನಿಲ್ಲಿಸಿ ಸೋಪು ಹಾಕಿ ಅಕ್ಕನ ಕೈ ಉಜ್ಜಿದೆ. ನೀರು ಮೊದಲು ಹಳದಿಯಾಗಿ ಹರಿಯಿತು, ಆಮೇಲೆ ತಿಳಿಯಾಯಿತು. ಕೈ ಹಳದಿಯಾಗೇ ಇತ್ತು.

"ಇನ್ನೂ ಉಜ್ಜು," ಅಂದರು ಅಕ್ಕ. ಉಜ್ಜಿದೆ.

ಮನೆ ತುಂಬ ಜನ ಇದ್ದೆವು. ದಿನಾ ನೋಡುವ ಬಣ್ಣ, ಯಾರಿಗೂ ಕಾಮಾಲೆ ಅನ್ನಿಸಿರಲಿಲ್ಲ. ಈಗ ಅರಿಸಿನ ಹಚ್ಚುವ ಮೊದಲು ಒಬ್ಬರ ಕಣ್ಣಿನ ಬಿಳಿಯನ್ನು ಇನ್ನೊಬ್ಬರು ನೋಡುತ್ತೇವೆ.

ಸ್ಕ್ಯಾನಿನಲ್ಲಿ ಪಿತ್ತಕೋಶದ ಗಡ್ಡೆ ಕಾಣಿಸಿತು. ಲಿವರಿಗೂ ಹಬ್ಬಿತ್ತು. ರಕ್ತದಲ್ಲಿ ಕ್ಯಾನ್ಸರಿನ ಗುರುತು ನೋಡುವ ಪರೀಕ್ಷೆಯೂ ಆಯಿತು, ಅದೂ ಏರಿತ್ತು.

"ಈ ಪರೀಕ್ಷೆ ಮೊದಲೇ ಮಾಡಿಸಿದ್ರೆ ಗೊತ್ತಾಗ್ತಿತ್ತಾ ಡಾಕ್ಟ್ರೇ?" ಎಂದೆ.

"ಹೇಳಕ್ಕಾಗಲ್ಲಮ್ಮ. ಪಿತ್ತಕೋಶದಲ್ಲಿ ಬರೀ ಕಲ್ಲಿದ್ರೂ ಏರಬಹುದು, ಕಾಮಾಲೆಗೂ ಏರುತ್ತೆ. ಮುಂಚೆನೇ ಸರಿಯಾಗಿ ಹೇಳೋ ಗುರುತನ್ನ ಇನ್ನೂ ಹುಡುಕ್ತಾ ಇದ್ದಾರೆ," ಎಂದರು. ಆ ಹುಡುಕಾಟಕ್ಕೆ ಸ್ವಲ್ಪ ರಕ್ತ ಕೊಡ್ತೀರಾ, ಅದರಿಂದ ನಿಮಗೇನೂ ಉಪಯೋಗ ಆಗಲ್ಲ ಎಂದು ಬಿಡಿಸಿ ಹೇಳಿ ಅಕ್ಕನನ್ನು ಕೇಳಿದರು.

ಅಕ್ಕ ತೋಳು ಚಾಚಿದರು. "ಸೊಳ್ಳೆಗೇ ಇಷ್ಟು ವರ್ಷ ಬಿಟ್ಟಿ ಕೊಟ್ಟಿದ್ದೀನಿ, ನಿಮಗಿಲ್ಲ ಅಂತೀನಾ? ತಗೊಳ್ಳಿ. ನಮ್ಮಂಥ ಅರಿಸಿನದೋರಿಗೂ ಬೇಗ ಗೊತ್ತಾಗೋ ಹಂಗೆ ಏನಾದ್ರೂ ಹುಡುಕಿ."

ಆಪರೇಷನ್ ಮಾಡುವ ಹಂತ ದಾಟಿತ್ತು. ಮನೆಗೆ ಬಂದೆವು. ಮಾತ್ರೆಯಿಂದ ಕಡಿತ ಸ್ವಲ್ಪ ತಗ್ಗಿತು. ಕೊನೆಯವರೆಗೂ ಮಜ್ಜಿಗೆ ಇಳಿಯುತ್ತಿತ್ತು, ಮಾತು ಇತ್ತು. ಅಷ್ಟಾದರೂ ಇತ್ತಲ್ಲ ಎಂದುಕೊಳ್ಳುತ್ತೇನೆ.

ಮುತ್ತೈದೆಯಾಗಿ ಹೋದರು, ಪುಣ್ಯವಂತೆ ಎಂದು ಬಂದವರೆಲ್ಲ ಅಂದರು. ಮೀಯಿಸಿದ ಮೇಲೆ ಅರಿಸಿನದ ಬಟ್ಟಲನ್ನು ನನ್ನ ಕೈಗೆ ಕೊಟ್ಟರು. ಕಾಲಿನಿಂದ ಶುರು ಮಾಡಿದೆ. ಎಲ್ಲಿ ಹಚ್ಚಿದೆ, ಎಲ್ಲಿ ಬಿಟ್ಟೆ ಎಂದು ತಿಳಿಯಲಿಲ್ಲ. ಮತ್ತೆ ಮೊದಲಿಂದ ಹಚ್ಚಿದೆ.