ಒಂಬತ್ತನೇ ಗಂಟು

ನಮ್ಮ ಶಾಲೆಯ ಹಗ್ಗದ ಫೋಟೊ ಒಮ್ಮೆ ಪೇಪರಿನಲ್ಲಿ ಬಂದಿತ್ತು. ಮಕ್ಕಳಿಗೆ ಒಗ್ಗಟ್ಟು ಕಲಿಸುವ ಶಾಲೆ ಎಂದು ಹೊಗಳಿ ಬರೆದಿದ್ದರು. ಹಗ್ಗದ ತುದಿ ಹಿಡಿದು ಮುಂದೆ ನಿಂತು ನಗುತ್ತಿರುವ ಮುದುಕ ನಾನು. ಸ್ಮರಣ ಸಂಚಿಕೆಗೆ ಆ ಫೋಟೊದ ಜೊತೆ ಹಾಕಲು ಏನಾದರೂ ಬರೆದುಕೊಡಿ ಎಂದು ಹೆಡ್ ಸಿಸ್ಟರ್ ಕೇಳಿದ್ದಾರೆ. ಫೋಟೊದಲ್ಲಿ ಹತ್ತು ಮಕ್ಕಳಿದ್ದಾರೆ. ಅದರಲ್ಲಿ ಕಾಣುವ ಹಗ್ಗಕ್ಕೆ ಹನ್ನೊಂದು ಗಂಟು. ಕೊನೆಯಿಂದ ಎರಡನೆಯ ಹುಡುಗಿ ಎರಡೂ ಕೈಯಲ್ಲಿ ಎರಡು ಗಂಟು ಹಿಡಿದಿದ್ದಾಳೆ. ನಾನು ಬರೆಯಬೇಕಾದದ್ದು ಅದರ ಬಗ್ಗೆ.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ಮೊದಲು ಒಂದು ಎಸ್ಟೇಟಿನ ಸ್ಟೋರಿನಲ್ಲಿದ್ದೆ. ಆಮೇಲೆ, ಆಲೂರಿನಿಂದ ಸಕಲೇಶಪುರದ ಕಡೆ ಹೋಗುವ ದಾರಿಯ ಗುಡ್ಡದ ಮೇಲೆ ಸಿಸ್ಟರುಗಳು ನಡೆಸುವ ಈ ಪ್ರಾಥಮಿಕ ಶಾಲೆಗೆ ಅಟೆಂಡರ್ ಆಗಿ ಬಂದೆ. ಬೆಲ್ಲು ಹೊಡೆಯುವುದು, ಗೇಟು ಹಾಕುವುದು, ಸಂಜೆ ಎಸ್ಟೇಟು ಕೂಲಿಯವರ ಲೈನ್ ಮನೆಗಳ ಮಕ್ಕಳನ್ನು ತೋಟದ ದಾರಿಯಲ್ಲಿ ಕರೆದುಕೊಂಡು ಹೋಗಿ ಬಿಡುವುದು ನನ್ನ ಕೆಲಸ. ಕಾಡಾನೆಗಳು ಹಗಲಲ್ಲೇ ತೋಟಕ್ಕೆ ಇಳಿಯತೊಡಗಿದ ಮೇಲೆ ಸಿಸ್ಟರ್ ಒಂದು ಉಪಾಯ ಮಾಡಿದರು. ಕಾಫಿ ಮೂಟೆ ಬಿಗಿಯುವ ಹಗ್ಗ ತರಿಸಿ, ಎರಡು ಮೊಳಕ್ಕೊಂದರಂತೆ ಗಂಟು ಹಾಕಿಸಿದರು. ಮಗುವಿಗೊಂದು ಗಂಟು. ಎಲ್ಲ ಗಂಟಿನ ಮೇಲೂ ಕೈ ಬೀಳುವ ತನಕ ಹಗ್ಗ ಹೊರಡಬಾರದು. ಹೊರಟ ಮೇಲೆ ಮನೆ ಬರುವ ತನಕ ಯಾರೂ ಕೈ ಬಿಡಬಾರದು. ಹನ್ನೊಂದು ಮಕ್ಕಳಲ್ಲಿ ಶಿಲುಬೆ ಗುರುತು ಮಾಡುವವರು ಮೂವರು. ವಿಭೂತಿ ಹಚ್ಚಿಕೊಂಡು ಬರುವವರಿದ್ದರು, ಜೀಪು ಓಡಿಸುವ ಸಾಬರ ಮಗಳಿದ್ದಳು. ಹೊರಡುವ ಮುಂಚೆ ತಮತಮಗೆ ಗೊತ್ತಿದ್ದ ದೇವರನ್ನು ನೆನೆದು ಎಲ್ಲರೂ ಗಂಟು ಹಿಡಿಯುತ್ತಿದ್ದರು.

ಒಂಬತ್ತನೇ ಗಂಟು ನಾಲ್ಕನೇ ಕ್ಲಾಸಿನ ಒಬ್ಬ ಹುಡುಗಿಯದು. ಅವಳ ತಾಯಿ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕುಯ್ಯುವ ಕೆಲಸಕ್ಕೆ ಹೋಗುತ್ತಿದ್ದಳು. ಶಾಲೆಯ ಮಂತ್ರಿಮಂಡಲದಲ್ಲಿ ಈ ಹುಡುಗಿ ನೀರಿನ ಮಂತ್ರಿ. ಕೊನೆಯ ಬೆಲ್ಲಾದ ಮೇಲೆ ಎಲ್ಲ ನಲ್ಲಿಗಳನ್ನೂ ನೋಡಿ ಬರುವುದು ಅವಳ ಜವಾಬ್ದಾರಿ. ಎದೆಗೆ ನೀಲಿ ಬ್ಯಾಡ್ಜು. ಅವಳು ಒಂದು ನಲ್ಲಿಯನ್ನೂ ಬಿಡುವವಳಲ್ಲ. ಹಾಗಾಗಿ ಹಗ್ಗಕ್ಕೆ ಬರುವುದು ಯಾವಾಗಲೂ ಕೊನೆಗೆ.

ಜನವರಿಯ ಒಂದು ಸಂಜೆ, ಕೆಳಗಿನ ತೋಟದಲ್ಲಿ ಮರಿ ಸಮೇತ ಆನೆ ಹಿಂಡು ಇದೆ ಎಂದು ಮೊಬೈಲಿಗೆ ಮೆಸೇಜು ಬಂತು. ಅದರ ಹಿಂದಿನ ವರ್ಷ ನಮ್ಮ ಪಕ್ಕದ ಮನೆಯವನನ್ನು ಆನೆ ತುಳಿದಿತ್ತು. ಹೆಣ ಎತ್ತಿದವರಲ್ಲಿ ನಾನೂ ಒಬ್ಬ. ಮೆಸೇಜು ಓದಿದ್ದೇ ಹಗ್ಗ ತಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿದೆ. ಹಿಂಡು ಮೇಲೆ ಬರುವ ಮೊದಲು ದಾರಿ ದಾಟಿಬಿಡಬೇಕು ಎಂಬುದೊಂದೇ ಯೋಚನೆ.

"ಎಲ್ಲಿ ನಮ್ಮ ಮಂತ್ರಿಗಳು?" ಎಂದೆ.

"ನಲ್ಲಿ ನಿಲ್ಸಕ್ಕೆ ಹೋಗವ್ಳೆ ತಾತ. ಹಿಂದ್ಗಡೆ ನಲ್ಲಿ ಸೋರ್ತೈತಂತೆ" ಎಂದಳು ಹತ್ತನೇ ಗಂಟಿನವಳು.

"ಸೋರ್ಲಿ ಬುಡು. ಮಂತ್ರಿ ಆದೋರ್ಗೆ ಜೀಪು ಬತ್ತೈತೆ, ಅದ್ರಲ್ಲೇ ಬರ್ಲಿ. ಅವಳ ಗಂಟೂ ನೀನೇ ಹಿಡ್ಕೊ."

ಮಕ್ಕಳು ನಕ್ಕವು. ಆಫೀಸಿನ ಬಾಗಿಲಿನಿಂದ ಸಿಸ್ಟರ್ ಕೂಗಿ ಕೇಳಿದರು: "ಅಂಕಲ್, ಎಲ್ಲರೂ ಇದ್ದಾರಾ?"

"ಇದಾರೆ ಸಿಸ್ಟರ್" ಎಂದು ಹೇಳಿ ಹಗ್ಗ ಎಳೆದೆ.

ಹತ್ತು ಮಕ್ಕಳ ಜೀವ ಉಳಿಸಲು ಹಾಗೆ ಮಾಡಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ನಾನು ಉಳಿಸಿಕೊಳ್ಳಲು ಹೊರಟದ್ದು ನನ್ನ ಜೀವವನ್ನು.

ಆನೆಯ ಸುದ್ದಿ ಕೇಳಿ ಕೆಲಸ ಬಿಟ್ಟು ಬಂದಿದ್ದ ಅವಳ ತಾಯಿ ಲೈನಿನ ಮುಂದೆಯೇ ನಿಂತಿದ್ದಳು. ಹಗ್ಗದ ಉದ್ದಕ್ಕೂ ಕಣ್ಣಾಡಿಸಿ, "ಎಲ್ಲಣ್ಣ ನನ್ ಮಗಳು?" ಎಂದಳು. ಆ ಕ್ಷಣದಲ್ಲಾದರೂ ನಿಜ ಹೇಳಬಹುದಿತ್ತು.

"ದಾರೀಲಿ ಕೈ ಬುಟ್ಟು ಹಿಂದಕ್ಕೆ ಓಡೋಗ್ಬುಟ್ಲು ಕಣವ್ವ. ನಲ್ಲಿ ನೋಡ್ಬೇಕು ಅಂತ" ಎಂದೆ.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಜೀಪು ತೆಗೆದ. ಪಟಾಕಿ ಹಚ್ಚುತ್ತಾ ನಾಲ್ಕಾರು ಜನ ಹೋದರು. ಹಗ್ಗವನ್ನು ಕಾಣದೆ ಹುಡುಗಿ ನಮ್ಮ ಹಿಂದೆ ಒಬ್ಬಳೇ ಓಡಿ ಬಂದಿದ್ದಳು. ನಡುದಾರಿಯಲ್ಲಿ ಹಿಂಡು ಅಡ್ಡ ಬಂದಿತ್ತು. ಒಂದು ಸಿಲ್ವರ್ ಮರದ ಹಿಂದೆ, ಅದನ್ನು ತಬ್ಬಿಕೊಂಡು, ಆನೆಗಳು ಇಳಿದು ಹೋಗುವ ತನಕ ಸದ್ದಿಲ್ಲದೆ ನಿಂತಿದ್ದಳು. ಜೀಪಿನಿಂದ ಇಳಿಸಿದಾಗ ನೋಡಿದೆ. ಕೆನ್ನೆಯ ಮೇಲೆ ತೊಗಟೆಯ ಗೀರು. ಯೂನಿಫಾರಂ ಒದ್ದೆಯಾಗಿತ್ತು.

ಮರುದಿನ ಸಿಸ್ಟರ್ ಎಲ್ಲರನ್ನೂ ನಿಲ್ಲಿಸಿ ವಿಚಾರಿಸಿದರು. ನಾನು ಅದೇ ಸುಳ್ಳನ್ನು ಇನ್ನಷ್ಟು ನಯವಾಗಿ ಹೇಳಿದೆ. ಸಿಸ್ಟರ್ ಹಗ್ಗದ ಮಕ್ಕಳ ಕಡೆ ತಿರುಗಿ, "ಹೌದಾ ಮಕ್ಕಳೇ?" ಎಂದರು.

ಮಕ್ಕಳು ನನ್ನ ಮುಖ ನೋಡಿದವು. ನಾನು ಕಣ್ಣು ಕೆಂಪಗೆ ಮಾಡಿ ಹೆದರಿಸಲಿಲ್ಲ, ಕಣ್ಣು ತಪ್ಪಿಸಲೂ ಇಲ್ಲ. ಸುಮ್ಮನೆ ನಿಂತಿದ್ದೆ, ಅಷ್ಟೇ ಸಾಕಾಯಿತು. ಎಲ್ಲರಿಗಿಂತ ದೊಡ್ಡವನು ಮೊದಲು ಹೌದೆಂದು ತಲೆ ಆಡಿಸಿದ. ಆಮೇಲೆ ಒಬ್ಬೊಬ್ಬರಾಗಿ ಹತ್ತೂ ಜನ ಆಡಿಸಿದರು. ಜೊತೆಯಾಗಿರಿ, ಒಬ್ಬರನ್ನೊಬ್ಬರು ಬಿಡಬೇಡಿ ಎಂದು ದಿನವೂ ಹೇಳಿಸಿಕೊಂಡ ಮಕ್ಕಳು. ಅವು ನನ್ನನ್ನು ಬಿಡಲಿಲ್ಲ.

ಹುಡುಗಿ ನನ್ನ ಕಡೆ ನೋಡಲೇ ಇಲ್ಲ. ಹತ್ತು ಮುಖಗಳನ್ನೂ ಒಂದರ ನಂತರ ಒಂದರಂತೆ ನೋಡಿದಳು. ನಂತರ ತಾನೇ ಪಿನ್ನು ಬಿಚ್ಚಿ ಬ್ಯಾಡ್ಜನ್ನು ಸಿಸ್ಟರ್ ಕೈಗೆ ಕೊಟ್ಟಳು.

ಅಂದಿನಿಂದ ಅವಳ ತಾಯಿಯೇ ಬಂದು ಕರೆದೊಯ್ಯತೊಡಗಿದಳು. ಮೊದಲ ದಿನ ಗೇಟಿನ ಹತ್ತಿರ ನನಗೆ ಹೇಳಿದಳು: "ನಿಮ್ ಹಗ್ಗ ನಿಮ್ಗೇ ಇರ್ಲಿ ಕಣಣ್ಣ. ನನ್ ಮಗಳ ಕೈ ನಾನೇ ಹಿಡ್ಕತೀನಿ." ಪೇಪರಿನವರು ಬಂದು ಫೋಟೊ ತೆಗೆದದ್ದು ಅದೇ ತಿಂಗಳು.

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲ ಬಂತು. ಒಂದು ಶುಕ್ರವಾರ ಕೊನೆಯ ಬೆಲ್ಲು ಹೊಡೆದು, ಚರ್ಚಿನಲ್ಲಿ ಶಿಲುಬೆ ಹಾದಿಯ ಪ್ರಾರ್ಥನೆಗೆ ಹೋಗುವ ಮೊದಲು ಹಿಂದಿನ ಬಾಗಿಲು ಹಾಕಲು ಹೋದೆ. ಹುಡುಗಿ ಆ ಸೋರುವ ನಲ್ಲಿಯ ಮುಂದೆ ಕೂತು, ಅದಕ್ಕೊಂದು ಬಟ್ಟೆಯ ಚೂರು ಸುತ್ತಿ ಬಿಗಿಯುತ್ತಿದ್ದಳು. ಎದೆಯ ಮೇಲೆ ಬ್ಯಾಡ್ಜಿರಲಿಲ್ಲ. ನೀರಿನ ಖಾತೆ ಬೇರೆಯವರಿಗೆ ಕೊಟ್ಟು ಎರಡು ತಿಂಗಳಾಗಿತ್ತು.

"ನೀನೀಗ ಮಂತ್ರಿ ಅಲ್ವಲ್ಲವ್ವ?" ಎಂದೆ.

"ನೀರು ಹೋಗ್ತೈತಲ್ಲ ತಾತ" ಎಂದಳು.

"ದಿನಾ ಬಂದು ನೋಡ್ತೀಯಾ?"

"ಹೂಂ. ಅವ್ವ ಬರಗಂಟ."

ಬಟ್ಟೆಗೆ ಗಂಟು ಹಾಕಿ, ಕೈಯನ್ನು ಲಂಗಕ್ಕೆ ಒರೆಸಿಕೊಂಡು ಹೋದಳು. ನಾನು ಅಂದು ಪ್ರಾರ್ಥನೆಗೆ ಹೋದೆ, ಆದರೆ ಶಿಲುಬೆ ಹೊತ್ತ ಯೇಸು ಮೊದಲ ಸಲ ಬೀಳುವ ಮೂರನೇ ಸ್ಥಳದಿಂದ ಮುಂದಕ್ಕೆ ನಡೆಯಲಾಗಲಿಲ್ಲ. ಬೆಂಚಿನ ಮೇಲೆ ಕೂತುಬಿಟ್ಟೆ. ಮೊಣಕಾಲು ನೋವು ಎಂದು ಪಕ್ಕದವರಿಗೆ ಹೇಳಿದೆ.

ಮರುದಿನ ಚರ್ಚಿನ ಗುರುಗಳ ಹತ್ತಿರ ಪಾಪನಿವೇದನೆ ಮಾಡಿದೆ. ಗುರುಗಳು ಪೂರ್ತಿ ಕೇಳಿ, "ದೇವರ ಹತ್ತಿರ ಹೇಳಿದೆ, ಆಯ್ತು. ಹತ್ತು ಮಕ್ಕಳ ಬಾಯಲ್ಲಿ ಸುಳ್ಳು ಇಟ್ಟಿದ್ದೀಯಲ್ಲ, ಅದನ್ನು ತೆಗೆಯೋರು ಯಾರು?" ಎಂದು ಕೇಳಿದರು.

ಸೋಮವಾರ ಬೆಳಗಿನ ಪ್ರಾರ್ಥನೆಯ ನಂತರ ಸಿಸ್ಟರನ್ನು ಕೇಳಿಕೊಂಡು ಎಲ್ಲರ ಮುಂದೆ ನಿಂತು ಹೇಳಿದೆ. ಹೆದರಿ ಬಿಟ್ಟು ಹೋದದ್ದನ್ನು ಹೇಳಿದೆ, ಸುಳ್ಳು ಹೇಳಿದ್ದನ್ನು ಹೇಳಿದೆ, ಹತ್ತು ಮಕ್ಕಳು ತಲೆ ಆಡಿಸಿದ್ದು ನನಗೆ ಅಂಜಿ ಎಂದೂ ಹೇಳಿದೆ. ಸಿಸ್ಟರ್ ಬೈಯಲಿಲ್ಲ. ಆಫೀಸಿಗೆ ಹೋಗಿ ಇನ್ನೊಂದು ನೀಲಿ ಬ್ಯಾಡ್ಜು ತಂದು ಹುಡುಗಿಯ ಎದೆಗೆ ಅವರೇ ಚುಚ್ಚಿದರು. ಆಮೇಲೆ ನನ್ನನ್ನು ಕರೆದು, "ನಾಳೆಯಿಂದ ಮುಂದೆ ಟೀಚರ್ ನಡೀತಾರೆ. ನೀವು ಕೊನೆಗೆ ನಡೀರಿ ಅಂಕಲ್" ಎಂದು, ಹಗ್ಗದ ತುದಿಗೆ ಹನ್ನೆರಡನೇ ಗಂಟು ಹಾಕಿಸಿದರು. ಇಷ್ಟಕ್ಕೇ ಮುಗಿದಿದ್ದರೆ ನನಗೂ ಸಮಾಧಾನವಾಗುತ್ತಿತ್ತು. ಅಷ್ಟರಲ್ಲಿ ಹತ್ತನೇ ಗಂಟಿನವಳು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ತಾತ, ಹಂಗಾದ್ರೆ ನಾವೂ ಸುಳ್ ಹೇಳಿದ್ದಾ?"

ಇಲ್ಲ ಎಂದರೆ ಅದು ಇನ್ನೊಂದು ಸುಳ್ಳು. ಹೌದು ಎನ್ನಲು ಬಾಯಿ ಬರಲಿಲ್ಲ. ಅವಳ ತಲೆ ಸವರಿ ಕಳಿಸಿದೆ.

ಅಂದು ಸಂಜೆ ಲೈನಿಗೆ ಹೋಗಿ ಹುಡುಗಿಯ ತಾಯಿಗೂ ಹೇಳಿದೆ. ಅವಳು ಬಾಗಿಲಲ್ಲಿ ಸೊಪ್ಪು ಸೋಸುತ್ತಾ ಕೂತಿದ್ದಳು. ಕೂತ್ಕೊಳ್ಳಿ ಎನ್ನಲಿಲ್ಲ. ನಾನು ಮುಗಿಸುವ ತನಕ ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ.

"ಅವತ್ತು ಜೀಪಿಂದ ಇಳಿಸ್ದೇಟ್ಗೆ ನಾನು ಅವಳಿಗೆ ಹೊಡ್ದೆ ಕಣಣ್ಣ" ಎಂದಳು. "ಹಗ್ಗ ಯಾಕ್ ಬುಟ್ಟೆ ಅಂತ ಹೊಡ್ದೆ. ಬುಟ್ಟಿಲ್ಲ ಕಣವ್ವ ಬುಟ್ಟಿಲ್ಲ ಅಂತಿದ್ಲು, ಇನ್ನೂ ಎರಡು ಹಾಕ್ದೆ. ಅದನ್ನ ಈಗ ಏನ್ ಮಾಡದು, ಹೇಳಿ?"

ನಾನು ಹೊರಡಲು ತಿರುಗಿದೆ. "ಹಗ್ಗಕ್ಕೆ ಬರದು ಬುಡದು ಅವಳಿಷ್ಟ. ನಾನ್ ಹೇಳಾಕಿಲ್ಲ" ಎಂದು ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು.

ಆ ವಾರ ಹುಡುಗಿ ಹಗ್ಗಕ್ಕೆ ಬರಲಿಲ್ಲ. ಮುಂದಿನ ವಾರ, ತೋಟದಲ್ಲೆಲ್ಲ ಕಾಫಿ ಹೂ ಬಿಟ್ಟಿದ್ದ ಒಂದು ಸಂಜೆ, ನಲ್ಲಿಗಳನ್ನೆಲ್ಲ ನೋಡಿ ಬಂದು ಹಗ್ಗದ ಹತ್ತಿರ ನಿಂತಳು. ಹತ್ತನೆಯವಳು ಒಂಬತ್ತನೇ ಗಂಟಿನಿಂದ ಕೈ ತೆಗೆದಳು. ಹುಡುಗಿ ಅದನ್ನು ಹಿಡಿಯಲಿಲ್ಲ.

"ಎಲ್ಲರೂ ಇದಾರಾ ಅಂಕಲ್?" ಎಂದು ಮುಂದಿನಿಂದ ಟೀಚರ್ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ, "ನೀವು ಹೇಳ್ಬ್ಯಾಡಿ ತಾತ. ನಾನೇ ಎಣಿಸ್ತೀನಿ" ಎಂದಳು.

ಮುಂದಿನಿಂದ ಶುರುಮಾಡಿ, ಗಂಟಿನ ಮೇಲಿದ್ದ ಒಂದೊಂದು ಕೈಯನ್ನೂ ಮುಟ್ಟಿ ಎಣಿಸಿಕೊಂಡು ಬಂದಳು. ತನ್ನದೂ ಸೇರಿ ಹನ್ನೊಂದಕ್ಕೆ ನಿಂತಳು.

"ಇನ್ನೊಂದು ಬೇಕು" ಎಂದಳು.

ನಾನು ಹನ್ನೆರಡನೇ ಗಂಟು ಹಿಡಿದಿರಲಿಲ್ಲ. ಹಿಡಿದೆ. ಅವಳು ನನ್ನ ಕೈಯನ್ನು ಮುಟ್ಟಲಿಲ್ಲ, ನೋಡಿ ಎಣಿಸಿದಳು. ಆಮೇಲೆ ತನ್ನ ಜಾಗಕ್ಕೆ ಹೋಗಿ ಗಂಟು ಹಿಡಿದು, "ಸರಿ ಐತೆ, ಹೊರಡಿ ಟೀಚರ್" ಎಂದಳು.

ಆ ಸಿಲ್ವರ್ ಮರದ ಹತ್ತಿರ ಬಂದಾಗ ತಿರುಗಿ ಇನ್ನೊಮ್ಮೆ ಎಣಿಸಿದಳು. ಈಗಲೂ ದಿನವೂ ಎಣಿಸುತ್ತಾಳೆ. ಅಲ್ಲಿಗೆ ಬರುವ ಮೊದಲೇ ನನ್ನ ಕೈ ಗಂಟಿನ ಮೇಲೆ ಕಾಣುವ ಹಾಗೆ ಹಿಡಿದುಕೊಳ್ಳುತ್ತೇನೆ.