ಕಲ್ಲಮ್ಮ ಬೆಂಗಳೂರು ನೋಡಿ ಬಂದದ್ದು

ಶಿವಮೊಗ್ಗದಿಂದ ಬಂದ ಸಂಜೆಯ ರೈಲು ಭದ್ರಾವತಿಯಲ್ಲಿ ನಿಂತಿತು. ಹತ್ತಿದ ಕಲ್ಲಮ್ಮ ಮೊದಲು ನೋಡಿದ್ದು ಅಕ್ಕನ ಕಾಲ ಬಳಿಯಿದ್ದ ಹಸಿರು ಟ್ರಂಕನ್ನು. ಇಬ್ಬರು ಹಿಡಿದು ಎತ್ತಬೇಕಾದಂಥದ್ದು.

"ಎರಡು ದಿನಕ್ಕೆ ಇಷ್ಟು ದೊಡ್ಡದು ಯಾಕಕ್ಕ? ಬೆಂಗಳೂರನ್ನೇ ತುಂಬಿಸ್ಕೊಂಡು ಬರ್ತೀಯೋ ಹೇಗೆ?"

"ಮೊದ್ಲು ಕೂತ್ಕೋ ಮಾರಾಯ್ತಿ," ಎಂದು ಪುಷ್ಪಮ್ಮ ಟ್ರಂಕನ್ನು ಕಾಲಿನಿಂದ ಸೀಟಿನಡಿಗೆ ತಳ್ಳಿ, ಡಬ್ಬಿ ತೆರೆದು ತಂಗಿಯ ಕೈಗೆ ಚಕ್ಕುಲಿ ಕೊಟ್ಟಳು.

ಕಿಟಕಿಯ ಪಕ್ಕ ಕೂತಿದ್ದ ಜಗದಾಂಬಾ ಸರಿದು ಜಾಗ ಮಾಡಿದಳು. "ಇಲ್ಲಿ ಬನ್ನಿ ಚಿಕ್ಕಮ್ಮ, ಗಾಳಿ ಬರುತ್ತೆ." ಎಂಟು ವರ್ಷದ ಹುಡುಗಿ. ಕಲ್ಲಮ್ಮನ ಹೊಟ್ಟೆಯಲ್ಲಿ ಹುಟ್ಟಿದವಳು.

ಬಾಣಂತನದಲ್ಲೇ ಕಲ್ಲಮ್ಮನಿಗೆ ವಿಷಮಜ್ವರ ಹಿಡಿದು ಎದೆಹಾಲು ಬತ್ತಿಹೋಗಿತ್ತು. ಮಕ್ಕಳಿಲ್ಲದ ಅಕ್ಕ ಶಿವಮೊಗ್ಗದಿಂದ ಬಂದು, ಕೂಸನ್ನು ತಂಗಿಯ ಹಳೆಯ ಸೀರೆಯಲ್ಲಿ ಸುತ್ತಿ ಎತ್ತಿಕೊಂಡು, "ನೀನು ಎದ್ದು ಓಡಾಡೋ ಹಾಗಾದ್ಮೇಲೆ ಬಂದು ಕರ್ಕೊಂಡು ಹೋಗು" ಎಂದಿದ್ದಳು. ಓಡಾಡುವ ಹಾಗಾಗಿ ಹೋದರೆ ಕೂಸು ಅವಳ ಕೈಗೆ ಬರದೆ ಅತ್ತಿತು. "ಇನ್ನೊಂದು ತಿಂಗಳು ಇರಲಿ ಕಣೇ" ಎಂದಳು ಅಕ್ಕ. ಇರಲಿ ಎಂದು ಕಲ್ಲಮ್ಮನೂ ಅಂದಳು. ಆ ಇರಲಿ ಎಂಬ ಮಾತು ಮುಗಿಯಲೇ ಇಲ್ಲ. ಮಗು ಒಗ್ಗಿಕೊಳ್ಳಲಿ, ಪದೇ ಪದೇ ಬರಬೇಡ ಎಂದು ಅಕ್ಕ ಹೇಳಿದ್ದರಿಂದ, ಬಸ್ಸಿನಲ್ಲಿ ಒಂದು ಗಂಟೆಯೂ ಹಿಡಿಯದ ಊರಿಗೆ ಅವಳು ಹಬ್ಬಕ್ಕೊಮ್ಮೆ ನೆಂಟರ ಹಾಗೆ ಹೋಗಿ ಬರುತ್ತಿದ್ದಳು.

ಈಗ ಭಾವ ಚಂದ್ರಶೇಖರಪ್ಪನವರಿಗೆ ಗುಲ್ಬರ್ಗಕ್ಕೆ ವರ್ಗವಾಗಿತ್ತು. ರಾಜ್ಯ ಒಂದಾದ ಮೇಲೆ ಆ ಕಡೆಗೆ ಹೋದ ನೌಕರರು ಯಾವಾಗ ಹಿಂದಿರುಗುತ್ತಾರೆಂದು ಯಾರೂ ಹೇಳುವ ಹಾಗಿರಲಿಲ್ಲ. ಹೊರಡುವ ಮುಂಚೆ ಒಂದು ಶನಿವಾರ ಭಾನುವಾರ ಎಲ್ಲರೂ ಬೆಂಗಳೂರು ನೋಡಿ ಬರೋಣವೆಂದು ಅಕ್ಕ ಹೇಳಿಕಳಿಸಿದಾಗ, ಕಲ್ಲಮ್ಮ ಗಂಡ ಉಜ್ಜನಪ್ಪನಿಗೆ ಹೇಳಿದಳು: "ಈ ಸಲ ಕೇಳಿಬಿಡ್ತೀನಿ. ಮಗಳನ್ನ ಕರ್ಕೊಂಡೇ ಇಳೀತೀನಿ." ಕಬ್ಬಿಣದ ಕಾರ್ಖಾನೆಯ ಕುಲುಮೆಯ ಎದುರು ದುಡಿದು ದುಡಿದು ಉಜ್ಜನಪ್ಪನಿಗೆ ಮಾತು ಕಡಿಮೆ. "ಕೇಳು" ಎಂದಷ್ಟೇ ಅಂದ. ಮಾರನೆಯ ದಿನ ಹೊಸ ಚಾಪೆಯೊಂದನ್ನು ತಂದು ಮೂಲೆಗೆ ನಿಲ್ಲಿಸಿದ.

ಬೆಂಗಳೂರಿನಲ್ಲಿ ಅವರು ಒಂದು ಛತ್ರದಲ್ಲಿ ಇಳಿದುಕೊಂಡರು. ಬೆಳಿಗ್ಗೆ ಮಿಂದು, ಹಣೆಗೆ ವಿಭೂತಿ ಇಟ್ಟುಕೊಂಡು, ಜಗದಾಂಬಾ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ದೊಡ್ಡವರ ಹಾಗೆ ಪೂಜೆಗೆ ಕೂತಳು. ಉಜ್ಜನಪ್ಪನ ಜೊತೆ ಊರಲ್ಲೇ ಉಳಿದಿದ್ದ ಕಲ್ಲಮ್ಮನ ಗಂಡುಮಕ್ಕಳಿಗೆ ಸ್ಕೂಲಿಗೆ ಓಡುವ ಗಡಿಬಿಡಿಯಲ್ಲಿ ಹಣೆಗೆ ವಿಭೂತಿ ಬಳಿದುಕೊಂಡರೆ ಅದೇ ಹೆಚ್ಚು. ಮುಚ್ಚಿದ ಆ ಪುಟ್ಟ ಕಣ್ಣುಗಳನ್ನು ಅವಳು ಬಾಗಿಲಲ್ಲಿ ನಿಂತು ನೋಡಿದಳು. ಜಗಲಿಯಲ್ಲಿ ಅಕ್ಕ ಒಬ್ಬಳೇ ಇದ್ದಳು.

"ಅಕ್ಕಾ, ಒಂದು ಮಾತು ಕೇಳಬೇಕಿತ್ತು."

"ಮೊದ್ಲು ದೋಸೆ. ಹಸಿದ ಹೊಟ್ಟೇಲಿ ಏನು ಮಾತು?"

ದೋಸೆಯಾದ ಮೇಲೆ ಲಾಲ್‌ಬಾಗು. ಗಾಜಿನ ಮನೆಯ ನೆರಳಲ್ಲಿ ಕೂತು ಕಲ್ಲಮ್ಮ ಮತ್ತೆ ಬಾಯಿ ತೆರೆದಳು. ಅಕ್ಕ ಅವಳ ಕೈಗೆ ಐಸ್‌ಕ್ರೀಮ್ ಇಟ್ಟು, "ಬೇಗ ತಿನ್ನು, ಕರಗುತ್ತೆ" ಎಂದಳು. ಬಸವನಗುಡಿಯಲ್ಲಿ ಆ ದೊಡ್ಡ ಬಸವಣ್ಣನ ಮುಂದೆ, "ಇವನು ಬೆಳೀತಾನೇ ಇದ್ನಂತೆ, ತಲೆಗೆ ಮೊಳೆ ಹೊಡೆದ್ಮೇಲೆ ನಿಂತಿದ್ದಂತೆ" ಎಂದು ಭಾವ ಕಥೆ ಹೇಳಿದರು. "ಪಾಪ, ನೋವಾಗಿರಲ್ವಾ?" ಎಂದು ಜಗದಾಂಬಾ ಅಮ್ಮನ ಸೆರಗು ಹಿಡಿದಳು. ಹಿಡಿದ ಸೆರಗು ಪುಷ್ಪಮ್ಮನದು. ಸಂಜೆ ಬಾದಾಮಿ ಹಾಲು, ಜಾಮೂನು. ಎರಡು ದಿನವೂ ಕಲ್ಲಮ್ಮನ ಬಾಯಿಗೆ ಬಿಡುವಿರಲಿಲ್ಲ. ಮಾತು ಬಂದಾಗಲೆಲ್ಲ ಅಕ್ಕನ ಕೈಯಲ್ಲಿ ಏನಾದರೊಂದು ಇರುತ್ತಿತ್ತು.

ಭಾನುವಾರ ವಿಧಾನಸೌಧದ ಎದುರು ನಿಂತಾಗ ಭಾವ ನಕ್ಕರು. "ಇಷ್ಟು ಮೆಟ್ಟಿಲು ಯಾಕೆ ಗೊತ್ತಾ ಕಲ್ಲಮ್ಮ? ಅರ್ಜಿ ಹಿಡ್ಕೊಂಡು ಬಂದೋನು ಮೇಲೆ ಹತ್ತೋ ಹೊತ್ತಿಗೆ, ಏನು ಕೇಳೋಕೆ ಬಂದೆ ಅನ್ನೋದೇ ಮರ್ತುಹೋಗ್ಲಿ ಅಂತ."

ಎಲ್ಲರೂ ನಕ್ಕರು. ಅಕ್ಕ ಮಾತ್ರ ಬೇರೆ ಕಡೆ ನೋಡಿದಳು. ಅಕ್ಕನಿಗೆ ಎಲ್ಲ ಗೊತ್ತಿದೆ ಎಂದು ಕಲ್ಲಮ್ಮನಿಗೆ ಆಗ ತಿಳಿಯಿತು.

ಹಿಂದಿರುಗುವ ರೈಲು ತರೀಕೆರೆ ಬಿಟ್ಟಾಗ ಸೋಮವಾರದ ಬೆಳಕು ಹರಿಯುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಭದ್ರಾವತಿ; ತಾನು ಇಳಿಯಬೇಕು, ರೈಲು ಮುಂದೆ ಶಿವಮೊಗ್ಗಕ್ಕೆ ಹೋಗಿಬಿಡುತ್ತದೆ. ಚಕ್ಕುಲಿಯ ಡಬ್ಬಿ ಖಾಲಿಯಾಗಿತ್ತು. ಭಾವ ತೂಕಡಿಸುತ್ತಿದ್ದರು. ಹುಡುಗಿ ಮಲಗಿದ್ದಳು.

"ಅಕ್ಕಾ, ನನ್ನ ಮಗಳನ್ನ ನಂಗೆ ಕೊಡು."

ಪುಷ್ಪಮ್ಮ ಹಿಡಿದಿದ್ದ ಕಿಟಕಿಯ ಸರಳು ಬಿಟ್ಟಳು. ಆಮೇಲೆ ಬಗ್ಗಿ ಸೀಟಿನಡಿಯಿಂದ ಟ್ರಂಕನ್ನು ಎಳೆದಳು.

"ನಿನ್ನ ಬಾಯಿ ಮುಚ್ಚಿಸೋಕೆ ಏನೇನು ತಿನ್ನಿಸಿದೆ ಅಂತ ನಂಗೆ ಗೊತ್ತಿಲ್ವಾ ಕಲ್ಲೂ? ಆದ್ರೆ ನೀನು ಕೇಳಿಬಿಟ್ರೆ ಇಲ್ಲ ಅನ್ನೋ ಹಕ್ಕು ನಂಗೆಲ್ಲಿದೆ? ಅವಳ ಬಟ್ಟೆ ಎಲ್ಲ ಇದ್ರಲ್ಲಿದೆ. ಅವತ್ತು ಅವಳನ್ನ ಸುತ್ಕೊಂಡು ಬಂದ ನಿನ್ನ ಸೀರೇನೂ." ಟ್ರಂಕನ್ನು ತಂಗಿಯ ಕಡೆ ತಳ್ಳಿ ಅಂದಳು: "ಗುರುವಾರ ನಾವು ಹೊರಡ್ತೀವಿ. ಅವಳಿಗೆ ನೀನೇ ಹೇಳು. ನನ್ನ ಕೈಲಾಗಲ್ಲ."

ಹುಡುಗಿಯನ್ನು ಎಬ್ಬಿಸಿ, "ಚಿಕ್ಕಮ್ಮನ ಜೊತೆ ಇಳಿ ಪುಟ್ಟಿ" ಎಂದಳು.

ಜಗದಾಂಬಾ ಕಣ್ಣುಜ್ಜಿಕೊಂಡು ಎದ್ದು ಕೂತಳು. "ಭದ್ರಾವತೀನೂ ನೋಡೋದಾ?" ಎಂದವಳೇ ನಗುತ್ತ ಪ್ಲಾಟ್‌ಫಾರಮ್ಮಿಗೆ ಇಳಿದಳು. ರೈಲು ಚಲಿಸಿದಾಗ ಕೈಬೀಸಿ, "ಅಮ್ಮಾ, ನಾನು ಬರೋ ತನಕ ಬೆಕ್ಕಿಗೆ ಹಾಲು ಹಾಕು" ಎಂದು ಕೂಗಿದಳು. ಆಮೇಲೆ ತಿರುಗಿ ಕಲ್ಲಮ್ಮನನ್ನು ಕೇಳಿದಳು: "ಇಲ್ಲಿ ಏನೇನು ನೋಡೋದಿದೆ ಚಿಕ್ಕಮ್ಮ?"

ಏನಿದೆ ಭದ್ರಾವತಿಯಲ್ಲಿ? ಅವಳು ಆ ಊರನ್ನು ಹಾಗೆ ಯಾವತ್ತೂ ನೋಡಿರಲಿಲ್ಲ. ಟ್ರಂಕನ್ನು ಕೂಲಿಯವನ ತಲೆಗೆ ಹೊರಿಸಿ ಮನೆಗೆ ಕಳಿಸಿದಳು. ಮೊದಲು ಹೊಳೆಯ ಸೇತುವೆ ತೋರಿಸಿದಳು. ಆಮೇಲೆ ಹಳೇ ಊರಿನ ನರಸಿಂಹನ ಗುಡಿ. ಪಕ್ಕದ ಮನೆಯ ತಮಿಳಿನ ಹೆಂಗಸು ಬಿಸಿ ಇಡ್ಲಿ ಕೊಟ್ಟು, "ಯಾರು ಈ ಪಾಪಾ?" ಎಂದು ಕೇಳಿದಳು. ಕಲ್ಲಮ್ಮ ಬಾಯಿ ತೆರೆಯುವ ಮುಂಚೆ ಜಗದಾಂಬಾಳೇ, "ಇವರ ಅಕ್ಕನ ಮಗಳು" ಎಂದಳು. ಹುಡುಗಿ ಅಣ್ಣಂದಿರ ಜೊತೆ ಗೋಲಿ ಆಡಿದಳು, ಹೊಸ ಚಾಪೆಯ ಮೇಲೆ ಮಲಗಿದಳು, ಕೇಳಿದ್ದಕ್ಕೆಲ್ಲ ಹಿತವಾಗಿ ಉತ್ತರ ಕೊಟ್ಟಳು. ಬೇರೆಯವರ ಮನೆಯಲ್ಲಿ ಹೇಗಿರಬೇಕೆಂದು ಅವಳಿಗೆ ಚೆನ್ನಾಗಿ ಕಲಿಸಿದ್ದರು. ಟ್ರಂಕನ್ನು ಹುಡುಗಿ ತೆರೆಯಲೇ ಇಲ್ಲ. ಬೇಕಾದ ಬಟ್ಟೆ ಪ್ರಯಾಣದ ಚೀಲದಲ್ಲೇ ಇತ್ತು. ಇಷ್ಟು ದೊಡ್ಡ ಟ್ರಂಕು ಯಾಕೆ ಬಂತೆಂದು ಅವಳು ಕೇಳಲಿಲ್ಲ.

ಮಂಗಳವಾರ ಸಂಜೆ ಉಜ್ಜನಪ್ಪ ಎಲ್ಲರನ್ನೂ ಕಾರ್ಖಾನೆಯ ಆಚೆಯ ದಿಬ್ಬಕ್ಕೆ ಕರೆದುಕೊಂಡು ಹೋದ. ಕಬ್ಬಿಣ ಕರಗಿಸಿ ಉಳಿದ ಕಿಟ್ಟವನ್ನು ಅಲ್ಲಿ ಸುರಿಯುತ್ತಿದ್ದರು. ಕೆಂಡದಂಥ ಹೊಳೆಯೊಂದು ಇಳಿಜಾರಿನಲ್ಲಿ ಹರಿದು, ಆಕಾಶವೆಲ್ಲ ಕೆಂಪಾಗಿ, ನಿಧಾನವಾಗಿ ಕಪ್ಪಾಯಿತು. "ಬೆಂಗಳೂರಿಗಿಂತ ಇದೇ ಚೆಂದ" ಎಂದಳು ಜಗದಾಂಬಾ. ಉಜ್ಜನಪ್ಪ ಮುಖ ಆಚೆ ತಿರುಗಿಸಿಕೊಂಡ.

ಬರುವ ದಾರಿಯಲ್ಲಿ ಕಾರ್ಖಾನೆ ಗೇಟಿನ ಹೋಟೆಲಿನಲ್ಲಿ ಬೋಂಡಾ ತಿನ್ನಲು ಕೂತರು. ಹುಡುಗಿ ಬೆರಳು ಒರೆಸಿಕೊಂಡು ಹೇಳಿದಳು: "ಎಲ್ಲಾ ನೋಡಿದ ಹಾಗಾಯ್ತಲ್ಲ ಚಿಕ್ಕಮ್ಮ. ನಾಳೆ ಊರಿಗೆ ಹೋಗೋಣ್ವಾ? ಅಮ್ಮ ಒಬ್ಬಳೇ ಪಾತ್ರೆಪಗಡ ಕಟ್ತಾ ಇರ್ತಾಳೆ. ಗುಲ್ಬರ್ಗದಲ್ಲಿ ಅವಳಿಗೆ ಗೊತ್ತಿರೋರು ಯಾರೂ ಇಲ್ಲ, ನಾನೊಬ್ಬಳೇ."

ಈಗ ಹೇಳಬೇಕಿತ್ತು. ಇದೇ ನಿನ್ನ ಮನೆ, ನಾನೇ ನಿನ್ನ ಅಮ್ಮ. ಎರಡು ದಿನದಿಂದ ಜೋಡಿಸಿಟ್ಟುಕೊಂಡ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕಲ್ಲಮ್ಮ ಬಾಯಿ ತೆರೆದಳು.

"ಇನ್ನೊಂದು ಬೋಂಡಾ ತಿಂತೀಯಾ ಪುಟ್ಟಿ?"

ಅದು ಅಕ್ಕನ ದನಿಯೇ ಆಗಿತ್ತು. ಎರಡು ದಿನ ಬೆಂಗಳೂರಿನಲ್ಲಿ ಆ ದನಿಯ ಹಿಂದೆ ಎಂಥ ಭಯವಿತ್ತೆಂದು, ಹುಡುಗಿಯ ಎಲೆಗೆ ಬೋಂಡಾ ಹಾಕುತ್ತ ಅವಳಿಗೆ ಅರ್ಥವಾಯಿತು.

ಮನೆಗೆ ಬಂದ ಮೇಲೆ ಉಜ್ಜನಪ್ಪ ಕೇಳಿದ: "ಹೇಳಿದೆಯಾ?"

"ಇಲ್ಲ. ಹೇಳಲ್ಲ."

ಅವನು ಟ್ರಂಕಿನ ಹಿಡಿ ಹಿಡಿದು ಎತ್ತಿ ನೋಡಿದ. "ಟ್ರಂಕು ಭಾರ ಇದೆ. ಬಸ್ ಸ್ಟ್ಯಾಂಡಿನ ತನಕ ನಾನು ಹೊರ್ತೀನಿ" ಎಂದ.

ಶಿವಮೊಗ್ಗದ ಮನೆಯಲ್ಲಿ ಪುಷ್ಪಮ್ಮ ಗೋಣಿತಾಟಿನಲ್ಲಿ ಪಾತ್ರೆ ಕಟ್ಟುತ್ತಿದ್ದಳು. ತಲೆ ಬಾಚಿರಲಿಲ್ಲ. ಒಲೆ ಹೊತ್ತಿಸಿದ ಹಾಗೂ ಕಾಣಲಿಲ್ಲ. ಮಗಳು ಓಡಿ ಬಂದು ಬೆಕ್ಕೆಲ್ಲಿ ಎಂದು ಕೇಳಿದಾಗಲೂ ಅವಳು ಹಗ್ಗ ಬಿಡದೆ ಹಾಗೇ ಕೂತಿದ್ದಳು. ಬಾಗಿಲಲ್ಲಿ ಕೂಲಿಯವನ ತಲೆಯಿಂದ ಟ್ರಂಕು ಇಳಿಸುತ್ತಿದ್ದ ತಂಗಿಯನ್ನೇ ನೋಡುತ್ತಿದ್ದಳು.

"ಭದ್ರಾವತಿ ಎಲ್ಲ ತೋರಿಸ್ಕೊಂಡು ಬಂದೆ ಅಕ್ಕಾ. ಮಗು ಹಸ್ಕೊಂಡಿದೆ, ಏನಾದ್ರೂ ಮಾಡಿಹಾಕು."

"ನೀನು ಒಳಗೆ ಬಾ ಕಲ್ಲೂ. ಒಂದು ತುತ್ತು ತಿಂದುಕೊಂಡು ಹೋಗು."

"ಬೇಡ. ಶುಕ್ರವಾರದಿಂದ ತಿಂದಿದ್ದೇ ಇನ್ನೂ ಕರಗಿಲ್ಲ," ಎಂದು ಕಲ್ಲಮ್ಮ ನಗಲು ನೋಡಿದಳು. "ಟ್ರಂಕಿನಿಂದ ಆ ಸೀರೆ ಮಾತ್ರ ನಾನು ತಗೊಂಡಿದ್ದೀನಿ."

ಅವಳು ಮತ್ತೆ ಬೆಂಗಳೂರಿಗೆ ಹೋಗಲಿಲ್ಲ. ಆದರೆ ಕಾರ್ಖಾನೆಯ ಲೈನು ಮನೆಗಳ ಹೆಂಗಸರಲ್ಲಿ ಮೊದಲು ಬೆಂಗಳೂರು ನೋಡಿ ಬಂದವಳು ಅವಳೇ ಆದ್ದರಿಂದ, ಮಧ್ಯಾಹ್ನ ಅಕ್ಕಿ ಆರಿಸುತ್ತ ಕೂತಾಗ ಯಾರಾದರೂ ಆ ಮಾತು ತೆಗೆಯುತ್ತಿದ್ದರು. ಕಲ್ಲಮ್ಮ ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದಳು: ಗಾಜಿನ ಮನೆ, ಕೈಯಲ್ಲಿ ಕರಗಿದ ಐಸ್‌ಕ್ರೀಮು, ತಲೆಗೆ ಮೊಳೆ ಹೊಡೆಸಿಕೊಂಡ ಬಸವಣ್ಣ, ಹತ್ತಿದಷ್ಟೂ ಮುಗಿಯದ ಮೆಟ್ಟಿಲು. ಆಮೇಲೆ ನಿಲ್ಲಿಸದೆ, ಹೊಳೆಯ ಮೇಲಿನ ಸೇತುವೆ, ಕತ್ತಲಾಗುವ ಹೊತ್ತಿಗೆ ಕೆಂಡದ ಹೊಳೆ ಹರಿದದ್ದು.

"ಅದು ನಮ್ಮ ಕಿಟ್ಟದ ದಿಬ್ಬ ಅಲ್ವೇನೇ?" ಎಂದು ಹೆಂಗಸರು ನಗುತ್ತಿದ್ದರು.

"ಹೌದು," ಎನ್ನುತ್ತಿದ್ದಳು ಕಲ್ಲಮ್ಮ, ಮೊರದಲ್ಲಿ ಕಲ್ಲು ಹುಡುಕುತ್ತ. "ಅದನ್ನೂ ಆಗಲೇ ನೋಡಿದ್ದು."